ನಾಲ್ಕನೆಯ ಗಂಟೆ

ಮೆಮೋರಿಯಲ್ ಡೇ ರಜೆಗೆ ಈ ಸಲ ಟಾಹೋ ಸರೋವರಕ್ಕೆ ಬರುವುದಿಲ್ಲ ಎಂದು ಸ್ನೇಹಲತಾ ಹೇಳಿದಾಗ ಉಲ್ಲಾಸ್ ಮೊದಲು ತಮಾಷೆ ಎಂದುಕೊಂಡ. ಹನ್ನೊಂದು ವರ್ಷದಿಂದ ಮೇ ತಿಂಗಳ ಕೊನೆಯ ಆ ರಜೆಗೆ ಅವರಿದ್ದ ಮಿಲ್ಪಿಟಾಸ್ ಊರಿನ ನಾಲ್ಕು ಸಂಸಾರಗಳು ಸೇರಿ ಅದೇ ಮರದ ಮನೆಯನ್ನು ಬಾಡಿಗೆಗೆ ಹಿಡಿಯುತ್ತಿದ್ದವು. ಅದೇ ಪಲಾವು, ಅದೇ ಅಂತ್ಯಾಕ್ಷರಿ, ಕೊನೆಯ ದಿನ ಫ್ರೀವೇ ತುಂಬ ಅದೇ ಟ್ರಾಫಿಕ್ಕು. ಮಕ್ಕಳು ಕಾಲೇಜು ಸೇರಿ ಬರುವುದನ್ನು ನಿಲ್ಲಿಸಿದ ಮೇಲೂ ದೊಡ್ಡವರು ಬಿಟ್ಟಿರಲಿಲ್ಲ.

ಹಾಗಾದರೆ ಎಲ್ಲಿಗೆ ಎಂದು ಅವನು ಕೇಳಿದಾಗ ಅವಳ ಹತ್ತಿರ ಉತ್ತರ ಸಿದ್ಧವಾಗಿತ್ತು. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಅವಳ ಪಕ್ಕದ ಮೇಜಿನವಳು ಇಂಗ್ಲೆಂಡಿನ ಹಳೆಯ ಊರುಗಳ ಚಿತ್ರವಿದ್ದ ಒಂದು ಕ್ಯಾಲೆಂಡರ್ ತೂಗುಹಾಕಿದ್ದಳು. ಮಾರ್ಚ್ ತಿಂಗಳ ಪುಟದಲ್ಲಿ ಶ್ರೂಸ್‌ಬರಿ. ಆಕಾಶದಿಂದ ತೆಗೆದ ಫೋಟೊ. ಸೆವರ್ನ್ ನದಿ ಊರನ್ನು ಪೂರ್ತಿ ಬಳಸಿ ಬಂದು, ಇನ್ನೇನು ತನ್ನನ್ನೇ ಮುಟ್ಟಬೇಕು ಎನ್ನುವಷ್ಟರಲ್ಲಿ ತಿರುಗಿ ಹೋಗಿತ್ತು. ಉಳಿದ ಸಣ್ಣ ಕಿಂಡಿಯಲ್ಲಿ ಒಂದು ಕೋಟೆ. ಏಪ್ರಿಲ್ ಬಂದು ಪುಟ ಮಗುಚಿದ ಮೇಲೂ, ಪಕ್ಕದವಳು ಊಟಕ್ಕೆ ಎದ್ದಾಗ, ಸ್ನೇಹಲತಾ ಹೋಗಿ ಹಿಂದಿನ ಪುಟ ಎತ್ತಿ ನೋಡಿ ಬರುತ್ತಿದ್ದಳು.

"ನಾಲ್ಕು ದಿನಕ್ಕೆ ಇಂಗ್ಲೆಂಡಾ? ಎಂತ ಉಂಟು ಅಲ್ಲಿ?" ಎಂದ ಉಲ್ಲಾಸ್.

"ಗೊತ್ತಿಲ್ಲ. ಅದಕ್ಕೇ ಹೋಗುವಾ ಅಂತ."

ಅವನು ಉಡುಪಿಯ ಕಡೆಯವನು, ಮನೆಮಾತು ತುಳು. ಅವಳು ಮಂಗಳೂರಿನ ಕೊಂಕಣಿಯವಳು. ಮದುವೆಯಾಗಿ ಇಪ್ಪತ್ತಾರು ವರ್ಷ ಇಬ್ಬರೂ ಕನ್ನಡದಲ್ಲೇ ಸಂಸಾರ ಮಾಡಿದ್ದರು. ಅಮೆರಿಕಕ್ಕೆ ಬರುವ ಮೊದಲು ಸ್ನೇಹಲತಾ ಮಂಗಳೂರಿನ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ಆರು ವರ್ಷ ಗಣಿತ ಕಲಿಸಿದ್ದಳು. ಈಗಿನ ಕೆಲಸ ರೋಗಿಗಳ ದಾಖಲೆ ತಪಾಸಣೆ. ಡಾಕ್ಟರು ಬರೆದದ್ದು, ನರ್ಸು ಕೊಟ್ಟದ್ದು, ಲ್ಯಾಬಿನವರು ಕಂಡದ್ದು ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡಿ, ಆಗದಿದ್ದಲ್ಲಿ ಗುರುತು ಹಾಕುವುದು. ಉಲ್ಲಾಸ್ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಸರ್ಕಿಟ್ ಬೋರ್ಡುಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದ. ಹೊರಡುವುದೆಂದು ನಿಶ್ಚಯವಾದ ಕೂಡಲೇ ಅವನು ತನ್ನ ಸ್ವಭಾವದಂತೆ ಒಂದು ಪಟ್ಟಿ ಮಾಡಿದ: ಶನಿವಾರ ಹತ್ತಕ್ಕೆ ಕೋಟೆ, ಹನ್ನೆರಡಕ್ಕೆ ಮ್ಯೂಸಿಯಂ, ಎರಡೂವರೆಗೆ ಮಠದ ಇಗರ್ಜಿ.

ಗುರುವಾರ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟವರು ಶುಕ್ರವಾರ ಸಂಜೆ ಆರಕ್ಕೆ ಶ್ರೂಸ್‌ಬರಿ ಸ್ಟೇಷನ್ನಿನಲ್ಲಿ ಇಳಿದರು. ಅತಿಥಿಗೃಹ ನಾನೂರು ವರ್ಷ ಹಳೆಯ ಮರದ ಚೌಕಟ್ಟಿನ ಮನೆ. ಮೂರನೆಯ ಮಹಡಿ ಎರಡನೆಯದಕ್ಕಿಂತ ಒಂದೂವರೆ ಅಡಿ ಮುಂದಕ್ಕೆ ಚಾಚಿ ರಸ್ತೆಯನ್ನು ಬಗ್ಗಿ ನೋಡುತ್ತಿತ್ತು. ಕೋಣೆಯ ನೆಲ ಎಷ್ಟು ಇಳಿಜಾರೆಂದರೆ ಉಲ್ಲಾಸನ ಪೆನ್ನು ಬಿದ್ದದ್ದೇ ಉರುಳಿಕೊಂಡು ಕಿಟಕಿಯ ಗೋಡೆಗೆ ಹೋಗಿ ನಿಂತಿತು. ಅವನು ತೊಲೆಯನ್ನು ತಟ್ಟಿ ನೋಡಿದ. ಭೂಕಂಪದ ನಾಡಿನಲ್ಲಿ ಇಪ್ಪತ್ತೈದು ವರ್ಷ ಇದ್ದವನಿಗೆ ಸಮಾಧಾನವಾಗಲಿಲ್ಲ. ಮಿಲ್ಪಿಟಾಸಿನಲ್ಲಿ ಇದಕ್ಕೆ ನಾಯಿಗೂಡಿನ ಪರ್ಮಿಟ್ಟೂ ಸಿಗಲಿಕ್ಕಿಲ್ಲ ಎಂದ.

ಏಳೂವರೆಗೆ ಗಂಟೆಗಳು ಶುರುವಾದವು.

ಹೊರಗೆ ಇನ್ನೂ ಚೆನ್ನಾಗಿ ಬೆಳಕಿತ್ತು. ಉಲ್ಲಾಸ್ ಯಾರದೋ ಮದುವೆ ಇರಬೇಕು ಎಂದು ಹೇಳಿ ಸ್ನಾನಕ್ಕೆ ಹೋದ. ಸ್ನೇಹಲತಾ ಕಿಟಕಿ ತೆರೆದು ನಿಂತಳು. ಇಗರ್ಜಿಯ ಗಂಟೆ ಅವಳಿಗೆ ಹೊಸತಲ್ಲ. ಮಂಗಳೂರಿನ ಮನೆಗೆ ಎರಡು ರಸ್ತೆ ಆಚೆ ಒಂದು ಇಗರ್ಜಿ ಇತ್ತು, ದಿನಕ್ಕೆ ಮೂರು ಸಲ ಅದು ಬಾರಿಸುತ್ತಿತ್ತು. ಇದು ಹಾಗಿರಲಿಲ್ಲ. ಇಲ್ಲಿ ಒಂದಲ್ಲ, ಆರು ಗಂಟೆಗಳಿದ್ದವು. ಮೊದಲು ತೀರ ಸಣ್ಣ ಸ್ವರದಿಂದ ತೀರ ದಪ್ಪ ಸ್ವರದವರೆಗೆ ಮೆಟ್ಟಿಲಿಳಿದಂತೆ ಇಳಿದವು, ಮತ್ತೆ ಮತ್ತೆ. ಆಮೇಲೆ ಇದ್ದಕ್ಕಿದ್ದಂತೆ ಮೆಟ್ಟಿಲು ಚೆದುರಿತು. ಹಾಡು ಎನ್ನೋಣವೆಂದರೆ ಯಾವ ಸಾಲೂ ಎರಡನೆಯ ಸಲ ಬರಲಿಲ್ಲ. ಸುಮ್ಮನೆ ಬಡಿಯುತ್ತಿದ್ದಾರೆ ಎನ್ನೋಣವೆಂದರೆ ಎಲ್ಲಿಯೂ ಗೊಂದಲವಿರಲಿಲ್ಲ. ಒಂದು ಸಂಗತಿ ಮಾತ್ರ ಅವಳ ಕಿವಿಗೆ ಸ್ಪಷ್ಟವಾಗಿ ಬಿತ್ತು: ದಪ್ಪ ಸ್ವರದ ಗಂಟೆ ಪ್ರತಿ ಸಾಲಿನ ಕೊನೆಯಲ್ಲೇ ಬರುತ್ತಿತ್ತು. ಉಳಿದ ಐದು ಮಾತ್ರ ತಮ್ಮತಮ್ಮಲ್ಲಿ ಜಾಗ ಬದಲಿಸಿಕೊಳ್ಳುತ್ತಿದ್ದವು. ಒಮ್ಮೆ ನಿಂತು ಮತ್ತೊಮ್ಮೆ ಶುರುವಾದಾಗ ಅವಳು ಫೋನನ್ನು ಕಿಟಕಿಯ ಕಟ್ಟೆಯಲ್ಲಿಟ್ಟು ರೆಕಾರ್ಡ್ ಮಾಡಿದಳು. ನಾಲ್ಕೂವರೆ ನಿಮಿಷದ ನಂತರ ಚೆದುರಿದ ಮೆಟ್ಟಿಲು ತಾನಾಗಿಯೇ ಕೂಡಿಕೊಂಡಿತು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆಮೇಲೆ ನಿಶ್ಶಬ್ದ.

ವಿಮಾನದ ಆಯಾಸಕ್ಕೆ ಅವಳು ಬೇಗ ಮಲಗಿದಳು. ಎಚ್ಚರವಾದಾಗ ಐದು ಗಂಟೆ, ಆಗಲೇ ಬೆಳಗಾಗಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ರೆಕಾರ್ಡಿಂಗನ್ನು ಅರ್ಧ ವೇಗಕ್ಕೆ ಇಳಿಸಿ, ಮೇಜಿನ ಮೇಲಿದ್ದ ಕಾಗದ ತೆಗೆದುಕೊಂಡಳು. ಸಣ್ಣ ಸ್ವರದ ಗಂಟೆಗೆ ಒಂದು ಎಂದು ಹೆಸರಿಟ್ಟು, ಅಲ್ಲಿಂದ ಇಳಿಯುತ್ತ ದಪ್ಪನೆಯದಕ್ಕೆ ಆರು ಎಂದು ಹೆಸರಿಟ್ಟು, ಕೇಳಿದ ಹಾಗೆ ಸಾಲುಸಾಲಾಗಿ ಬರೆದಳು. ಮೊದಲ ಸಾಲು 1 2 3 4 5 6. ಎರಡನೆಯದು 2 1 4 3 5 6. ಮೂರನೆಯದು 2 4 1 5 3 6. ಹತ್ತು ಸಾಲು ಬರೆಯುವಷ್ಟರಲ್ಲಿ ನಿಯಮ ಕಾಣಿಸಿತು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಯಾವ ಗಂಟೆಯೂ ಒಂದು ಹೆಜ್ಜೆಗಿಂತ ಹೆಚ್ಚು ಸರಿಯುವುದಿಲ್ಲ. ಪಕ್ಕದ ಗಂಟೆಯ ಜೊತೆ ಜಾಗ ಬದಲಿಸಬಹುದು ಅಥವಾ ಇದ್ದಲ್ಲೇ ಇರಬಹುದು. ಅಷ್ಟೇ.

ಅವಳು ಹೈಸ್ಕೂಲಿನಲ್ಲಿ ಕ್ರಮಯೋಜನೆಯ ಪಾಠವನ್ನು ಆರು ವರ್ಷ ಮಾಡಿದ್ದಳು. ಐದು ಮಂದಿಯನ್ನು ಒಂದು ಬೆಂಚಿನಲ್ಲಿ ಎಷ್ಟು ವಿಧದಲ್ಲಿ ಕೂರಿಸಬಹುದು? ಐದು ನಾಲ್ಕಲ ಇಪ್ಪತ್ತು, ಇಪ್ಪತ್ತು ಮೂರಲ ಅರವತ್ತು, ಅರವತ್ತು ಎರಡಲ ನೂರಿಪ್ಪತ್ತು. ಮಕ್ಕಳು ಆಕಳಿಸುತ್ತಿದ್ದರು. ಎಂಟೂವರೆಗೆ ಅವಳು ಕೊನೆಯ ಸಾಲು ಬರೆದು ಎಣಿಸಿದಳು. ನೂರಿಪ್ಪತ್ತು. ನಿನ್ನೆ ಸಂಜೆ ಯಾರೋ ಆರು ಜನ, ಒಂದು ಗೋಪುರದಲ್ಲಿ ನಿಂತು, ಅವಳ ಆ ಪಾಠವನ್ನು ಊರಿಗೆಲ್ಲ ಕೇಳುವಂತೆ ಬಾರಿಸಿದ್ದರು.

"ನೀನು ಬೆಳಿಗ್ಗೆಯಿಂದ ಇದನ್ನೇ ಮಾಡಿದ್ದಾ?" ಎಂದು ಉಲ್ಲಾಸ್ ಹಾಸಿಗೆಯಲ್ಲೇ ಎದ್ದು ಕುಳಿತು ಕೇಳಿದ.

ಮೂರು ಜಾಗದಲ್ಲಿ ಮಾತ್ರ ನಿಯಮ ಮುರಿದಿದೆ ಎಂದು ಅವಳು ಕಾಗದ ತೋರಿಸಿದಳು. ಮೂರೂ ಕಡೆ ನಾಲ್ಕನೆಯ ಗಂಟೆ ಒಂದು ಹೆಜ್ಜೆ ಬಿಟ್ಟು ಎರಡು ಹೆಜ್ಜೆ ಹಾರಿತ್ತು, ಮುಂದಿನ ಸಾಲಿನಲ್ಲಿ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಅದಕ್ಕೂ ಏನೋ ಒಂದು ಒಳನಿಯಮ ಇರಬೇಕು, ತನಗೆ ಹೊಳೆಯುತ್ತಿಲ್ಲ, ಬಾರಿಸಿದವರನ್ನೇ ಕೇಳಬೇಕು ಎಂದಳು. ಹತ್ತಕ್ಕೆ ಕೋಟೆ ಉಂಟು ಎಂದು ಅವನು ನೆನಪಿಸಿದ. ಕೋಟೆ ಒಂಬೈನೂರು ವರ್ಷದಿಂದ ಅಲ್ಲೇ ಉಂಟು, ಹನ್ನೊಂದಕ್ಕೂ ಇರುತ್ತದೆ ಎಂದಳು ಅವಳು.

ಕೆಳಗೆ ತಿಂಡಿ ಬಡಿಸಿದ ಮನೆಯೊಡತಿಗೆ ಎಲ್ಲ ಗೊತ್ತಿತ್ತು. ಶುಕ್ರವಾರ ಅಭ್ಯಾಸ ಮಾಡುವುದು ಗ್ವೆನ್ ಎಂಬಾಕೆಯ ತಂಡ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು, ಈಗ ವಯಸ್ಸು ಎಪ್ಪತ್ತೊಂಬತ್ತು, ಶನಿವಾರ ಬೆಳಿಗ್ಗೆ ಇಗರ್ಜಿಯಲ್ಲಿ ಹಿತ್ತಾಳೆ ಉಜ್ಜುತ್ತಿರುತ್ತಾರೆ. ದಾರಿಯನ್ನೂ ಹೇಳಿದಳು, ಆದರೆ ದಾರಿ ಸುಲಭದ್ದಲ್ಲ. ಆ ಊರಿನಲ್ಲಿ ಎರಡು ರಸ್ತೆಗಳ ನಡುವೆ ಮನೆಗಳ ಹೊಟ್ಟೆಯೊಳಗಿಂದಲೇ ಹಾದುಹೋಗುವ ಓಣಿಗಳಿವೆ. ಅವಕ್ಕೆ ಅಲ್ಲಿನವರು ಶಟ್ ಎನ್ನುತ್ತಾರೆ. ಕೆಲವು ಎಷ್ಟು ಕಿರಿದೆಂದರೆ ಉಲ್ಲಾಸ್ ಬೆನ್ನಿನ ಚೀಲವನ್ನು ಕೈಯಲ್ಲಿ ಹಿಡಿದು ಅಡ್ಡಡ್ಡ ನಡೆಯಬೇಕಾಯಿತು. ಎರಡು ಸಲ ಒಂದೇ ಮಾಂಸದಂಗಡಿಯ ಹಿಂದೆ ಹೊರಬಿದ್ದರು. ಮೂರನೆಯ ಸಲ ಸ್ನೇಹಲತಾ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದಳು. ಎದುರಿಗೇ ಗೋಪುರ.

ಗ್ವೆನ್ ಬಾಗಿಲ ಬಳಿಯ ಕಲ್ಲಿನ ಕಟ್ಟೆಯಲ್ಲಿ ಕುಳಿತು ಒಂದು ದೀಪದ ಕಂಬವನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದರು. ಗಿಡ್ಡ ದೇಹ, ಅಗಲ ಭುಜ, ಕತ್ತರಿಸಿದ ಬಿಳಿ ಕೂದಲು. ಸ್ನೇಹಲತಾ ತನ್ನ ಪರಿಚಯ ಹೇಳಿ ಕಾಗದಗಳನ್ನು ಮುಂದಿಟ್ಟಾಗ ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಕನ್ನಡಕ ಹಾಕಿದರು. ಒಂದು ಪುಟ ಓದಿ ತಲೆ ಎತ್ತಿದರು.

"ಇದನ್ನು ನಿಮಗೆ ಯಾರು ಹೇಳಿಕೊಟ್ಟರು?"

ಯಾರೂ ಇಲ್ಲ, ಕೇಳಿ ಬರೆದದ್ದು ಎಂದಳು ಸ್ನೇಹಲತಾ. ಗ್ವೆನ್‌ಗೆ ಹಿಡಿಸಲಾಗದ ಸಂತೋಷವಾಯಿತು. ಜನರಿಗೆ ಇಷ್ಟು ಅರ್ಥ ಮಾಡಿಸಲು ತನಗೆ ಮೂರು ತಿಂಗಳು ಬೇಕು ಎಂದರು. ಮುನ್ನೂರೈವತ್ತು ವರ್ಷದಿಂದ ಇಂಗ್ಲೆಂಡಿನಲ್ಲಿ ಜನ ಹೀಗೆ ಬಾರಿಸುತ್ತಿದ್ದಾರೆ, ಯಾರೂ ಸಾಲುಗಳನ್ನು ಕಾಗದ ನೋಡಿ ಬಾರಿಸುವುದಿಲ್ಲ, ತಮ್ಮ ಗಂಟೆ ನಡೆಯುವ ದಾರಿಯನ್ನು ತಲೆಯಲ್ಲಿಟ್ಟುಕೊಳ್ಳುತ್ತಾರೆ ಎಂದು ವಿವರಿಸಿದರು. ಗಂಟೆ ಒಂದೊಂದೂ ನಾಲ್ಕು ಜನರಷ್ಟು ಭಾರ, ಪ್ರತಿ ಎಳೆತಕ್ಕೂ ಪೂರ್ತಿ ಒಂದು ಸುತ್ತು ತಿರುಗುತ್ತದೆ, ಆದ್ದರಿಂದಲೇ ಒಂದು ಹೆಜ್ಜೆಗಿಂತ ಹೆಚ್ಚು ಬೇಗ ಮಾಡಲೂ ಆಗದು, ತಡ ಮಾಡಲೂ ಆಗದು. ಉಲ್ಲಾಸ್ ಕೂಡ ಈಗ ಗಡಿಯಾರ ನೋಡುವುದನ್ನು ಬಿಟ್ಟಿದ್ದ.

ಆಗ ಸ್ನೇಹಲತಾ ತಾನು ಬಂದ ಪ್ರಶ್ನೆ ಕೇಳಿದಳು. ಈ ಮೂರು ಕಡೆ ನಾಲ್ಕನೆಯ ಗಂಟೆ ಎರಡು ಹೆಜ್ಜೆ ಹಾರುತ್ತದಲ್ಲ, ಅದರ ನಿಯಮ ಏನು?

ಗ್ವೆನ್ ಅವಳ ಬೆರಳಿದ್ದಲ್ಲಿ ನೋಡಿದರು. ಪುಟ ತಿರುಗಿಸಿ ಎರಡನೆಯದನ್ನು ನೋಡಿದರು. ಮೂರನೆಯದರ ಅಂಕಿಗಳ ಮೇಲೆ ಬೆರಳಾಡಿಸಿದರು.

"ನಿಯಮ ಇಲ್ಲ," ಎಂದರು ಕೊನೆಗೆ. "ಅದು ತಪ್ಪು. ನಾಲ್ಕನೆಯ ಗಂಟೆಯ ಹಗ್ಗ ನನ್ನದು."

ಕಾಗದವನ್ನು ತಾನಿಟ್ಟುಕೊಳ್ಳಬಹುದೇ ಎಂದು ಕೇಳಿದರು. ನಾಳೆ ಒಂಬತ್ತೂಕಾಲಕ್ಕೆ ಪ್ರಾರ್ಥನೆಗೆ ಮೊದಲು ಬಾರಿಸುತ್ತೇವೆ, ಪಕ್ಕದ ಸಣ್ಣ ಬಾಗಿಲು ತೆರೆದಿರುತ್ತದೆ, ಬನ್ನಿ ಎಂದು ಹೇಳಿ, ಅರ್ಧ ಉಜ್ಜಿದ ದೀಪದ ಕಂಬವನ್ನು ಎತ್ತಿಕೊಂಡು ಒಳಗೆ ಹೋದರು.

ಕೋಟೆಗೆ ಹೋದರು. ಕೆಂಪು ಕಲ್ಲಿನ ಗೋಡೆ, ಹಸಿರು ಹುಲ್ಲು, ಕಿಂಡಿಯಿಂದ ಕಾಣುವ ರೈಲು ಸ್ಟೇಷನ್ನು. ಸ್ನೇಹಲತಾಳಿಗೆ ಏನೂ ಮನಸ್ಸಿಗೆ ಹೋಗಲಿಲ್ಲ. ಮ್ಯೂಸಿಯಂ ಬಿಟ್ಟು ನದಿಯ ದಂಡೆಯ ಬೆಂಚಿಗೆ ಬಂದು ಕುಳಿತಳು. ಆಸ್ಪತ್ರೆಯಲ್ಲಿ ಅವಳು ದಿನಕ್ಕೆ ಇಪ್ಪತ್ತು ಮೂವತ್ತು ಕಡೆ ಗುರುತು ಹಾಕುತ್ತಿದ್ದಳು. ಆ ಸಾಲನ್ನು ಬರೆದವರ ಮುಖವನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

"ನಾಳೆ ಹೋದರೆ ಫೋನಿನದ್ದೇ ತಪ್ಪು ಅಂತ ಹೇಳಿಬಿಡು ಮಾರಾಯ್ತಿ. ರೆಕಾರ್ಡಿಂಗು ಸರಿ ಇರಲಿಲ್ಲ ಅಂತ. ಮುಗೀತಲ್ಲ," ಎಂದ ಉಲ್ಲಾಸ್.

ನೀರಿನಲ್ಲಿ ಹಂಸವೊಂದು ಐದು ಮರಿಗಳನ್ನು ಹಿಂದಿಟ್ಟುಕೊಂಡು ಹೋಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನೇ ಮತ್ತೆ ಮಾತೆತ್ತಿದ. ತಮ್ಮಲ್ಲಿ ಒಂದು ಬೋರ್ಡು ಫೇಲಾದರೆ ಎಷ್ಟು ಸಲ ಫೇಲಾಯಿತು ಎಂದು ಯಾರೂ ಕೇಳುವುದಿಲ್ಲ, ಯಾವಾಗ ಫೇಲಾಯಿತು ಎಂದು ಕೇಳುತ್ತಾರೆ ಎಂದ. ಬಿಸಿಯಾದಾಗಲೋ, ಪಕ್ಕದ ಚಿಪ್ಪು ಕೆಲಸ ಮಾಡುವಾಗಲೋ. ಈ ಮೂರಕ್ಕೂ ಎಂತಾದರೂ ಸಂಬಂಧ ಉಂಟಾ?

ಕಾಗದ ಕೊಟ್ಟುಬಂದಿದ್ದರೂ ಅದರ ಫೋಟೊ ಫೋನಿನಲ್ಲಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಆ ಮೂರು ಸಾಲುಗಳನ್ನು ದೊಡ್ಡದು ಮಾಡಿ ನೋಡಿದರು. ಒಂದು ಸಾಲಿನ ಆರಂಭದಲ್ಲಿ, ಇನ್ನೊಂದು ನಡುವೆ, ಮತ್ತೊಂದು ಕೊನೆಯ ಹತ್ತಿರ. ಜಾಗದಲ್ಲಿ ಸಾಮ್ಯವಿಲ್ಲ. ಸ್ನೇಹಲತಾ ತಪ್ಪು ಸಾಲಿನ ಬದಲು ಅಲ್ಲಿ ಇರಬೇಕಿದ್ದ ಸರಿಯಾದ ಸಾಲನ್ನು ಪಕ್ಕದಲ್ಲಿ ಬರೆದು ನೋಡಿದಳು. ಆಗ ಕಾಣಿಸಿತು. ಮೂರೂ ಕಡೆ ನಾಲ್ಕನೆಯ ಗಂಟೆ ಒಂದನೆಯ ಗಂಟೆಯ ಬೆನ್ನಿಗೇ ಬರಬೇಕಿತ್ತು. ಒಂದನೆಯದು ಎಂದರೆ ಎಲ್ಲಕ್ಕಿಂತ ಸಣ್ಣ ಸ್ವರದ್ದು.

ಉಲ್ಲಾಸ್ ಬೆಂಚಿಗೆ ಒರಗಿ ಕುಳಿತ. ಅವನ ಮುಖ ಬೇರೆಯಾಗಿತ್ತು. "ಅಪ್ಪನಿಗೆ ಕೊನೆಕೊನೆಗೆ ನನ್ನ ಸ್ವರ ಕೇಳ್ತಿತ್ತು, ಅಕ್ಕನ ಸಣ್ಣ ಸ್ವರ ಕೇಳ್ತಿರಲಿಲ್ಲ. ಅಕ್ಕ ಹೇಳಿದ್ದು ಯಾವುದೂ ಅವರಿಗೆ ನೆನಪಿರುವುದಿಲ್ಲ ಅಂತ ನಾವೆಲ್ಲ ಮಾತಾಡಿಕೊಂಡೆವು. ಮರೆವು ಅಲ್ಲ, ಸ್ನೇಹಾ. ಅವರಿಗೆ ಅದು ಕೇಳಿಯೇ ಇರಲಿಲ್ಲ."

ಅವನು ಇದನ್ನು ಇಷ್ಟು ವರ್ಷದಲ್ಲಿ ಅವಳಿಗೆ ಹೇಳಿರಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು. ಮಠದ ಇಗರ್ಜಿಯೂ ಆ ದಿನ ಪಟ್ಟಿಯಿಂದ ಬಿದ್ದುಹೋಯಿತು.

ಭಾನುವಾರ ಒಂಬತ್ತಕ್ಕೇ ಅವರು ಸಣ್ಣ ಬಾಗಿಲಿಗೆ ಬಂದರು. ಸುರುಳಿ ಮೆಟ್ಟಿಲು, ಹಿಡಿದುಕೊಳ್ಳಲು ಗೋಡೆಗೆ ಒಂದು ಹಗ್ಗ. ಮೇಲೆ ಚೌಕಾಕಾರದ ಕೋಣೆ. ಸೀಲಿಂಗಿನ ಆರು ತೂತುಗಳಿಂದ ಆರು ಹಗ್ಗಗಳು ವೃತ್ತವಾಗಿ ಇಳಿದಿದ್ದವು, ಕೈ ಹಿಡಿಯುವಲ್ಲಿ ಕೆಂಪು ಬಿಳಿ ಉಣ್ಣೆ ಸುತ್ತಿತ್ತು. ಗಂಟೆಗಳು ಎರಡು ಮಹಡಿ ಮೇಲೆ, ಕಣ್ಣಿಗೆ ಕಾಣುವುದಿಲ್ಲ. ಗ್ವೆನ್ ಅಲ್ಲದೆ ಇನ್ನೂ ಐದು ಜನ ಆಗಲೇ ಬಂದಿದ್ದರು. ಗ್ವೆನ್‌ರ ಕೈಯಲ್ಲಿ ಸ್ನೇಹಲತಾಳ ಕಾಗದವಿತ್ತು.

ತಾನು ಇವರಿಗೆಲ್ಲ ಇದನ್ನು ತೋರಿಸಿದೆ ಎಂದು ಗ್ವೆನ್ ಹೇಳಿದರು. ತನ್ನ ತಪ್ಪು ಕಳೆದ ಶರತ್ಕಾಲದಿಂದಲೇ ಹಳಬರಿಗೆಲ್ಲ ಗೊತ್ತಿತ್ತಂತೆ, ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಉದ್ದನೆಯ ದಂತವೈದ್ಯನೊಬ್ಬ, ಆರನೆಯ ಗಂಟೆಯವನು, ತನ್ನ ಬೂಟುಗಳನ್ನು ನೋಡುತ್ತ ನಿಂತಿದ್ದ. ನಲವತ್ತೊಂದು ವರ್ಷದಿಂದ ಈ ತಂಡವನ್ನು ಕಟ್ಟಿ ಬೆಳೆಸಿದವರಿಗೆ ಯಾವ ಬಾಯಿಂದ ಹೇಳುವುದು ಎಂದು ಅವನು ಮೆಲ್ಲನೆ ಅಂದ.

"ನನ್ನ ಅಕ್ಕನಿಗೂ ಹೀಗೇ ಶುರುವಾದದ್ದು," ಎಂದರು ಗ್ವೆನ್. "ಮೊದಲು ಎಣಿಕೆ ತಪ್ಪಿತು. ಆಮೇಲೆ ಹೆಸರುಗಳು. ಕೊನೆಗೆ ನನ್ನ ಹೆಸರು." ಅವರು ಸ್ನೇಹಲತಾಳ ಕಡೆ ತಿರುಗಿದರು. "ಒಂದು ಮಾತು ಕೇಳುತ್ತೇನೆ. ನಿಮ್ಮ ಫೋನು ತಪ್ಪು ಮಾಡಿರಬಹುದೇ?"

ಎಲ್ಲರೂ ಅವಳನ್ನೇ ನೋಡಿದರು. ಹೌದು ಎಂದರೆ ಸಾಕಿತ್ತು. ಆ ಕೋಣೆಯಲ್ಲಿದ್ದ ಅಷ್ಟೂ ಜನ ಅದನ್ನೇ ಬಯಸುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

"ಇಲ್ಲ," ಎಂದಳು ಸ್ನೇಹಲತಾ. "ಫೋನು ಸರಿಯಾಗಿಯೇ ಕೇಳಿದೆ. ಆದರೆ ನೀವು ಎಣಿಕೆ ತಪ್ಪಿದ್ದೀರಿ ಅಂತ ನನಗೆ ಅನಿಸುವುದಿಲ್ಲ."

ನಿನ್ನೆ ಬೆಂಚಿನಲ್ಲಿ ಕಂಡದ್ದನ್ನು ಅವಳು ವಿವರಿಸಿದಳು. ನೂರಹದಿನೇಳು ಸಾಲು ಸರಿಯಾಗಿ ನೆನಪಿಟ್ಟುಕೊಂಡ ತಲೆ ಮೂರನ್ನು ಮಾತ್ರ ಮರೆಯುವುದಾದರೆ ಎಲ್ಲೆಂದರಲ್ಲಿ ಮರೆಯಬೇಕು. ಮೂರೂ ಒಂದನೆಯ ಗಂಟೆಯ ಬೆನ್ನಿಗೇ ಏಕೆ? ಗ್ವೆನ್ ನಂಬಲಿಲ್ಲ. ಸಮಾಧಾನದ ಮಾತು ಬೇಡ ಎಂದು ಸ್ವಲ್ಪ ಖಾರವಾಗಿಯೇ ಹೇಳಿದರು. ಇದು ಸಮಾಧಾನವಲ್ಲ, ಬೇಕಾದರೆ ಈಗಲೇ ಪರೀಕ್ಷೆ ಮಾಡಬಹುದು ಎಂದು ಉಲ್ಲಾಸ್ ಮುಂದೆ ಬಂದ. ಕಣ್ಣು ಮುಚ್ಚಿ ನಿಲ್ಲಿ, ಉಳಿದ ಐದು ಗಂಟೆಗಳನ್ನು ಸಾಲಾಗಿ ನಿಧಾನಕ್ಕೆ ಬಾರಿಸಲಿ, ಒಂದೊಂದು ಕೇಳಿದಾಗಲೂ ಬೆರಳು ಎತ್ತಿ.

ಗ್ವೆನ್ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿದರು. ಹಗ್ಗಗಳು ಎದ್ದು ಇಳಿದವು. ಮೇಲಿನಿಂದ, ಎರಡು ಮಹಡಿಯ ಹಲಗೆ ದಾಟಿ, ಸ್ವರಗಳು ಮೆತ್ತಗಾಗಿ ಬಂದವು. ಒಂದು, ಎರಡು, ಮೂರು, ಐದು, ಆರು. ಬೆರಳು ನಾಲ್ಕು ಸಲ ಎದ್ದಿತು. ಮತ್ತೊಂದು ಸಾಲು. ಮತ್ತೆ ನಾಲ್ಕು. ಎಂಟನೆಯ ಸಾಲಿನಲ್ಲಿ ಮಾತ್ರ ಒಂದನೆಯದಕ್ಕೆ ಬೆರಳು ಅರ್ಧ ಎದ್ದು, ಅನುಮಾನಿಸಿ, ಇಳಿಯಿತು. ದಂತವೈದ್ಯ ಕಣ್ಸನ್ನೆ ಮಾಡಿ ನಿಲ್ಲಿಸಿದ.

"ಎಷ್ಟು?" ಎಂದು ಗ್ವೆನ್ ತಿರುಗದೆ ಕೇಳಿದರು.

"ಬಾರಿಸಿದ್ದು ಐದು," ಎಂದಳು ಸ್ನೇಹಲತಾ. "ನೀವು ಎತ್ತಿದ್ದು ನಾಲ್ಕು."

ಗ್ವೆನ್ ಪಕ್ಕದ ಬೆಂಚಿನಲ್ಲಿ ಕುಳಿತುಬಿಟ್ಟರು. ಇಷ್ಟು ದಿನ ಕಣ್ಣು ಒಂದನೆಯ ಹಗ್ಗವನ್ನು ನೋಡುತ್ತಿತ್ತು, ಕಿವಿ ಕೇಳಿತು ಎಂದು ಮನಸ್ಸು ನಂಬುತ್ತಿತ್ತು. ಕಣ್ಣು ಬೇರೆ ಹಗ್ಗಕ್ಕೆ ಹೊರಳಿದಾಗ ಮಾತ್ರ ಜಾಗ ತಪ್ಪುತ್ತಿತ್ತು. ಅದು ಅವರಿಗೆ ಯಾರೂ ಹೇಳದೆ ಅರ್ಥವಾಯಿತು. "ಕಿವಿ," ಎಂದರು. ಆ ಮಾತನ್ನು ಇನ್ನೊಂದು ಸಲ ಹೇಳಿದರು. ಅಕ್ಕನ ಜೊತೆ ಕಳೆದ ಆರು ವರ್ಷ ಅವರ ಮುಖದಲ್ಲಿ ಬಂದುಹೋದಂತಿತ್ತು. ದಂತವೈದ್ಯ ನೀರಿನ ಬಾಟಲಿ ಕೊಟ್ಟ, ಅವರು ಕುಡಿದರು. ತಲೆ ಹೋಗುತ್ತಿದೆ ಎಂದು ತಿಳಿದು ತಾನು ಇಗರ್ಜಿಯ ಬೀಗದ ಕೈಯನ್ನು ಯಾರಿಗೆ ಕೊಡಬೇಕು ಎಂದು ಕೂಡ ನಿನ್ನೆ ಸಂಜೆ ಯೋಚಿಸಿದ್ದೆ ಎಂದರು.

ಹಾಗಾದರೆ ಒಂದನೆಯ ಗಂಟೆಯನ್ನೇ ಇವರಿಗೆ ಕೊಟ್ಟರೆ ಆಗುವುದಿಲ್ಲವೇ ಎಂದು ಉಲ್ಲಾಸ್ ಕೇಳಿದ. ಸ್ವಂತ ಗಂಟೆ ಕೇಳದಿದ್ದರೂ ಕೈಗೆ ಗೊತ್ತಾಗುತ್ತದಲ್ಲ, ಉಳಿದವು ಹೇಗೂ ಕೇಳುತ್ತವೆ. ತಂಡದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದನೆಯದು ಹಗುರದ ಗಂಟೆ, ಅದರ ದಾರಿ ಎಲ್ಲಕ್ಕಿಂತ ಸುಲಭ, ಹೊಸಬರಿಗೆ ಕೊಡುವಂಥದ್ದು ಎಂದು ಆಮೇಲೆ ಉಲ್ಲಾಸನಿಗೂ ಸ್ನೇಹಲತಾಳಿಗೂ ತಿಳಿಯಿತು. ಜನವರಿಯಲ್ಲಷ್ಟೇ ಸೇರಿದ್ದ ಹೆಂಗಸೊಬ್ಬಳು ಅದನ್ನು ಬಾರಿಸುತ್ತಿದ್ದಳು. ಅವಳು ತಪ್ಪು ಮಾಡಿದವಳಂತೆ ಹಗ್ಗ ಬಿಟ್ಟು ಹಿಂದೆ ಸರಿದಳು.

ಗ್ವೆನ್ ಎದ್ದರು. ವೃತ್ತವನ್ನು ಅರ್ಧ ಸುತ್ತಿ ಬಂದು ಒಂದನೆಯ ಹಗ್ಗದ ಉಣ್ಣೆಯನ್ನು ಹಿಡಿದರು. "ಹನ್ನೊಂದು ವರ್ಷದವಳಿದ್ದಾಗ ನಾನು ಇಲ್ಲೇ ಶುರು ಮಾಡಿದ್ದು," ಎಂದು ಹೇಳಿ ಭುಜ ಸರಿಮಾಡಿಕೊಂಡರು. ದಂತವೈದ್ಯ ನಾಲ್ಕನೆಯದಕ್ಕೆ ಬಂದ. ಹೊಸಬಳು ಆರನೆಯದಕ್ಕೆ ಹೋದಳು, ಅದು ಯಾವಾಗಲೂ ಕೊನೆಗೇ ಬರುವುದರಿಂದ ದಾರಿ ನೆನಪಿಡುವ ಕಷ್ಟವಿರಲಿಲ್ಲ. ಸ್ನೇಹಲತಾಳಿಗೆ ಗ್ವೆನ್ ಕಣ್ಣಲ್ಲೇ ಕಾಗದ ತೋರಿಸಿದರು: ಬರೆಯಿರಿ.

ಪ್ರತಿ ಸಾಲನ್ನು ಬರೆಯುವಷ್ಟು ಕೈ ಓಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಒಂದನೆಯದನ್ನು ಮಾತ್ರ ಹಿಡಿದುಕೊಂಡು ಹೋದಳು. ಮೊದಲ ಜಾಗ, ಎರಡನೆಯದು, ಮೂರು, ನಾಲ್ಕು, ಐದು, ಮತ್ತೆ ಹಿಂದಕ್ಕೆ. ಹೊಸಬಳು ನಾಲ್ಕೈದು ಸಲ ತಡ ಮಾಡಿದಳು. ಇನ್ಯಾರೋ ಒಮ್ಮೆ ತಡವರಿಸಿದಾಗ ಗ್ವೆನ್ ಎಳೆತ ನಿಲ್ಲಿಸದೆಯೇ ಅವರ ಜಾಗ ಕೂಗಿ ಹೇಳಿದರು. ಹಲಗೆ ನೆಲ ಕಾಲಡಿಯಲ್ಲಿ ತೂಗುತ್ತಿತ್ತು, ಇಡೀ ಗೋಪುರ ಅಲುಗುತ್ತಿದೆ ಎಂದು ಸ್ನೇಹಲತಾಳಿಗೆ ಆಗ ಗೊತ್ತಾಯಿತು. ಉಲ್ಲಾಸ್ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ಕೊನೆಗೆ ಮೆಟ್ಟಿಲು ಕೂಡಿಕೊಂಡಿತು, ಗ್ವೆನ್ "ನಿಲ್ಲಿ" ಎಂದರು, ಗಂಟೆಗಳು ಒಂದೊಂದಾಗಿ ನಿಂತವು.

"ಹೇಳಿ," ಎಂದರು.

"ಒಂದನೆಯದರಲ್ಲಿ ತಪ್ಪು ಏನೂ ಇಲ್ಲ."

ಗ್ವೆನ್ ತಲೆಯಾಡಿಸಿ ಹಗ್ಗವನ್ನು ಸುತ್ತಿ ಗೂಟಕ್ಕೆ ಹಾಕಿದರು. ನಾಳೆ ಸೋಮವಾರ ಇಲ್ಲಿಯೂ ರಜೆ, ಮಂಗಳವಾರ ಕಿವಿ ಡಾಕ್ಟರಿಗೆ ಫೋನು ಮಾಡುತ್ತೇನೆ ಎಂದರು. ದಂತವೈದ್ಯನಿಗೆ, ಇನ್ನು ಮುಂದೆ ನನ್ನ ತಪ್ಪನ್ನು ಮುಚ್ಚಿಟ್ಟರೆ ನೀನು ಈ ಮೆಟ್ಟಿಲು ಹತ್ತುವುದು ಬೇಡ ಎಂದೂ ಹೇಳಿದರು. ಅವನು ಆಗಲಿ ಎಂದ.

ಎಲ್ಲರೂ ಇಳಿದುಹೋದ ಮೇಲೆ ಗ್ವೆನ್ ಸ್ನೇಹಲತಾಳನ್ನು ಒಂದನೆಯ ಹಗ್ಗದ ಮುಂದೆ ನಿಲ್ಲಿಸಿದರು. ಉಣ್ಣೆಯ ಹಿಡಿಯನ್ನು ತಾವು ಹಿಡಿದು, ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟರು. ಎಳೆಯಬೇಡಿ, ಅದು ಮೇಲೆ ಹೋಗುವಾಗ ಜೊತೆಗೆ ಹೋಗಿ, ಸಾಕು ಎಂದಾಗ ನಿಮಗೇ ಗೊತ್ತಾಗುತ್ತದೆ ಎಂದರು. ಹಗ್ಗ ಅವಳ ತೋಳುಗಳನ್ನು ತಲೆಯ ಮೇಲಕ್ಕೆ ಸೆಳೆದುಕೊಂಡು ಹೋಯಿತು. ಎಲ್ಲೋ ಮೇಲೆ, ಅವಳಿಗೆ ಕಾಣದ ಕತ್ತಲಲ್ಲಿ, ಕ್ವಿಂಟಲುಗಟ್ಟಲೆ ಭಾರದ ಕಂಚು ಬಾಯಿ ಮೇಲೆ ಮಾಡಿ ಒಂದು ಕ್ಷಣ ನಿಂತದ್ದು ಅಂಗೈಗೆ ತಿಳಿಯಿತು. ಅವಳು ಇಳಿಸಿದಳು. ಅದು ನುಡಿಯಿತು.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಮಿಲ್ಪಿಟಾಸ್ ಸ್ಟೇಷನ್ನಿನಲ್ಲಿ ಬಾರ್ಟ್ ರೈಲು ಹಿಡಿದು ಅವಳು ಓಕ್ಲ್ಯಾಂಡಿಗೆ ಹೋದಳು. ತೋಳು ಇನ್ನೂ ನೋಯುತ್ತಿತ್ತು. ಆ ವಾರ ಅವಳು ದಾಖಲೆಯಲ್ಲಿ ಗುರುತು ಹಾಕಿದ ಎರಡು ಕಡೆ ಸುಮ್ಮನೆ ಮುಂದಕ್ಕೆ ಕಳಿಸದೆ, ಬರೆದ ನರ್ಸಿನ ನಂಬರು ಹುಡುಕಿ ತಾನೇ ಫೋನು ಮಾಡಿ ಮಾತಾಡಿದಳು. ಒಬ್ಬಾಕೆ ರೇಗಿದಳು. ಇನ್ನೊಬ್ಬಾಕೆಯ ವಾರ್ಡಿನಲ್ಲಿ ಪ್ರಿಂಟರಿನ ಶಾಯಿ ಮಾಸಿ ಎಂಟು ಎಂಬ ಅಂಕಿ ಮೂರರಂತೆ ಕಾಣುತ್ತಿತ್ತು ಎಂದು ಗೊತ್ತಾಯಿತು.

ಜುಲೈಯಲ್ಲಿ ಗ್ವೆನ್ ಅವರಿಂದ ಒಂದು ರೆಕಾರ್ಡಿಂಗ್ ಬಂತು. ಜೊತೆಗೆ ಎರಡೇ ಸಾಲು: ಕಿವಿಗೆ ಯಂತ್ರ ಬಂದಿದೆ, ಮತ್ತೆ ನಾಲ್ಕನೆಯ ಹಗ್ಗ ಹಿಡಿದಿದ್ದೇನೆ. ಇಲ್ಲಿ ಎಲ್ಲರೂ ಚೆನ್ನಾಗಿತ್ತು ಅಂತಾರೆ, ನೀವು ಎಣಿಸಿ ಹೇಳಿ. ಸ್ನೇಹಲತಾ ಅಡುಗೆಮನೆಯ ಮೇಜಿನಲ್ಲಿ ಕಾಗದ ಹರಡಿ ಕುಳಿತಳು. ಉಲ್ಲಾಸ್ ಎರಡು ಲೋಟ ಕಾಫಿ ಮಾಡಿ ತಂದು, ಕುರ್ಚಿ ಎಳೆದುಕೊಂಡು, ಒಂದು ಇಯರ್‌ಫೋನ್ ತನ್ನ ಕಿವಿಗೆ ಸಿಕ್ಕಿಸಿಕೊಂಡ. ಮುಗಿಯುವಾಗ ಹತ್ತೂವರೆಯಾಗಿತ್ತು. ನಾಲ್ಕನೆಯ ಗಂಟೆ ನೂರಿಪ್ಪತ್ತಕ್ಕೆ ನೂರಿಪ್ಪತ್ತೂ ಸರಿ. ತೊಂಬತ್ತನೆಯ ಸಾಲಿನಲ್ಲಿ ಐದನೆಯದು ಮಾತ್ರ ಎರಡು ಹೆಜ್ಜೆ ಹಾರಿತ್ತು. ಐದನೆಯದು ಯಾರ ಕೈಯಲ್ಲಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ಬರೆದು ಕಳಿಸಿದಳು.